ಗೋಡೆ ಕಟ್ಟಿದವನ ಇಪ್ಪತ್ತು ತಾಸು

ಪುಣೆಯಲ್ಲಿ, ಸೈನ್ಯದ ಚಾಲಕರಿಗೆ ತರಬೇತಿ ಕೊಡುವ ಕಡೆ ನಾನು ಹವಾಲ್ದಾರ್ ಕ್ಲಾರ್ಕ್ ಆಗಿದ್ದೆ. ಯಾರು ಎಷ್ಟು ತಾಸು ಗಾಡಿ ಓಡಿಸಿದರೆಂದು ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಘಾಟ್ ರಸ್ತೆಯಲ್ಲಿ ಇಪ್ಪತ್ತು ತಾಸು ಆಗದವನನ್ನು ಪಾಸು ಮಾಡುವಂತಿರಲಿಲ್ಲ.

ಒಂದು ತಂಡದಲ್ಲಿ ಯಾದಗಿರಿ ಕಡೆಯ ಗೌಂಡಿಯ ಮಗನಿದ್ದ. ಮೆಸ್ಸಿನ ಹಿಂದೆ ಗೋಡೆ ಕಟ್ಟಬೇಕಿತ್ತು. ಅವನಿಗೆ ಕೆಲಸ ಬರುತ್ತದೆಂದು ಮೇಲಿನವರಿಗೆ ಹೇಳಿದವನು ನಾನೇ. ಉಳಿದವರು ಘಾಟಿಗೆ ಹೋದ ದಿನಗಳಲ್ಲಿ ಅವನು ಇಟ್ಟಿಗೆ ಜೋಡಿಸಿದ.

ಅಷ್ಟರಲ್ಲಿ ಗಡಿಯ ತುಕಡಿಯೊಂದು ಚಾಲಕರನ್ನು ಕೇಳಿತು. ಒಬ್ಬ ಕಡಿಮೆ ಬಿದ್ದ. ಗೋಡೆಯವನ ಕಾರ್ಡಿನಲ್ಲಿ ಇಪ್ಪತ್ತು ತಾಸು ಬರೆದೆ. ಕಲಿತವನೂ ಸಹಿ ಹಾಕಬೇಕೆಂಬ ನಿಯಮವಿತ್ತು.

"ನಾ ಘಾಟ್ ಏರಿಲ್ಲಲ್ರಿ ಸಾಹೇಬ್ರ," ಎಂದ.

"ಅಲ್ಲಿ ಹೋಗಿ ಕಲೀತಿ. ಹಾಕು."

ಹಾಕಿದ. ಪಟ್ಟಿ ಭರ್ತಿಯಾಯಿತು.

ಗಡಿಗೆ ಹೋದ ಎರಡನೇ ತಿಂಗಳಲ್ಲಿ ಇಳಿಜಾರಿನಲ್ಲಿ ಅವನ ಲಾರಿ ಉರುಳಿತು. ಪಕ್ಕದಲ್ಲಿ ಕೂತಿದ್ದ ಅದೇ ತುಕಡಿಯ ಸಿಪಾಯಿ, ಅವನ ಊರಿನ ಗೆಳೆಯನೇ, ಸತ್ತ. ವಿಚಾರಣೆಗೆ ಕಾರ್ಡು ತರಿಸಿದರು. ತಾಸು ಸರಿಯಿತ್ತು, ಎರಡೂ ಸಹಿ ಇದ್ದವು. ತಪ್ಪು ಚಾಲಕನದೆಂದಾಯಿತು. ನಾನು ಸುಮ್ಮನಿದ್ದೆ. ಪಿಂಚಣಿ ಬಂದ ಮೇಲೆ ಪುಣೆಯಲ್ಲೇ, ವಾಕಡದಲ್ಲಿ ಮನೆ ಮಾಡಿದೆ.

ಹೋದ ತಿಂಗಳು ಅಳಿಯ ಮರೆತುಹೋದ ಊಟದ ಡಬ್ಬಿ ಕೊಡಲು ತಳೇಗಾಂವ ದಾಭಾಡೆಯ ಕಾರ್ಖಾನೆಗೆ ಹೋಗಿದ್ದೆ. ಗೇಟಿನ ವಾಚ್‌ಮನ್ ಎದ್ದು ಕುರ್ಚಿ ಕೊಟ್ಟ. ಆ ಗೋಡೆಯವನೇ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಊರಿಗೆ ಹೋಗ್ತಿರ್ತೀಯೇನು?" ಎಂದೆ.

"ಇಲ್ರಿ. ಕುಡದು ಗಾಡಿ ಹೊಡದು ಗೆಳೆಯನ್ನ ಕೊಂದಾನ ಅಂತಾರ. ಅವನ ಅವ್ವ ಇನ್ನೂ ಅದಾಳ. ಆಕಿ ಮುಂದ ಹ್ಯಾಂಗ ಹೋಗಲ್ರಿ?"

"ತಪ್ಪು ನಂದು," ಎಂದೆ. "ಆ ತಾಸು ಸುಳ್ಳು ಬರೆದವನು ನಾನು."

ಅವನು ಗೇಟು ತೆಗೆದು ಒಂದು ಟೆಂಪೋ ಒಳಗೆ ಬಿಟ್ಟು ಬಂದ.

"ನನಗ ಗೊತ್ತಿದ್ದದ್ದನ್ನ ನನಗ ಹೇಳ್ತೀರಲ್ರಿ. ಆ ಮುದುಕಿಗೆ ಬರದು ಕಳಸ್ರಿ. ನಿಮ್ಮ ಅಕ್ಷರ ಭಾಳ ಛಂದ ಅವ. ವಿಚಾರಣಿಯವರೇ ನಂಬಿದ್ರು, ಆಕಿ ನಂಬೂದಿಲ್ಲೇನು?"

ಬರೆಯಲು ನಾಲ್ಕು ದಿನ ಹಿಡಿಯಿತು. ಮೊದಲ ಮೂರು ದಿನ ಮೇಲಿನವರ ಆಜ್ಞೆ, ಜನರ ಕೊರತೆ ಎಂದೆಲ್ಲ ಬರೆದು ಹರಿದು ಹಾಕಿದೆ. ಕೊನೆಗೆ ಉಳಿದದ್ದು ಇಷ್ಟು: ನಿಮ್ಮ ಮಗ ಕೂತ ಲಾರಿಯ ಚಾಲಕ ಕುಡಿದಿರಲಿಲ್ಲ. ಅವನಿಗೆ ಘಾಟಿನಲ್ಲಿ ಒಂದು ತಾಸೂ ಕಲಿಸಿರಲಿಲ್ಲ. ಕಲಿಸಿದ್ದೇವೆಂದು ಬರೆದವನು ನಾನು.

ಊರಿನಲ್ಲಿ ಯಾರಾದರೂ ಆಕೆಗೆ ಓದಿ ಹೇಳಬೇಕು, ಎಲ್ಲರಿಗೂ ತಿಳಿಯುತ್ತದೆ. ಪುಣೆಯ ಶಿವಾಜಿನಗರದ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಪತ್ರದ ಕೆಳಗೆ ನನ್ನದೊಂದೇ ಸಹಿ ಇತ್ತು.