ದ್ರಾಕ್ಷಿ ಕಾಕಾನ ದನಿಯಲ್ಲಿ

ಹತ್ತನೇ ವಯಸ್ಸಿನಲ್ಲಿ ನನ್ನ ತಲೆ ಬೂದಿ ಹಚ್ಚಿ ತಿಕ್ಕಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ರಕ್ತದ ಕ್ಯಾನ್ಸರಿನ ಔಷಧಿ ಕೂದಲನ್ನೆಲ್ಲ ಒಯ್ದಿತ್ತು, ನಾಲಿಗೆಯನ್ನು ಮಾತ್ರ ಬಿಟ್ಟಿತ್ತು. ಆ ನಾಲಿಗೆಯಿಂದ ವಾರ್ಡಿನಲ್ಲಿದ್ದವರನ್ನೆಲ್ಲ ಅಣಕಿಸುತ್ತಿದ್ದೆ. ನರ ಸಿಗದೆ ಒಳಗೊಳಗೇ ಬೈದುಕೊಳ್ಳುವ ಸಿಸ್ಟರು, ಮೂಗಿನ ತುದಿಗೆ ಚಸ್ಮಾ ಇಳಿಸಿ ಫೈಲು ನೋಡುವ ಡಾಕ್ಟರು, ಕನ್ನಡಿಯಲ್ಲಿ ತನ್ನನ್ನೇ ನೋಡಿ ಬೆಚ್ಚುವ ಬೋಳು ಹುಡುಗ, ಅಂದರೆ ನಾನು. ನಗಬೇಡಿ, ಗಡಿಯಾಚೆಯ ಮರಾಠಿ ಸೀಮೆಯ ಆ ಆಸ್ಪತ್ರೆಯ ಫಿನಾಯಿಲ್ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ತವರಿನ ನೆನಪಾದ ಸೊಸೆಯ ಹಾಗೆ ಆಗುತ್ತದೆ.

ಅಪ್ಪ ಶಿರಗುಪ್ಪಿಯಲ್ಲಿ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ಕಬ್ಬು ಹೇರಿಕೊಂಡು ಕಾರ್ಖಾನೆಗೆ. ಮಾಲಕರು ಏನಾದರೂ ಹೇಳಿದರೆ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು "ಆತ್ರಿ" ಅನ್ನುವುದು ಅವನ ರೂಢಿ. ತಿರುಗಿ ಕೇಳಿದರೆ ತಿಳಿಯಲಿಲ್ಲ ಎಂದಾಗುತ್ತದೆ, ಇಲ್ಲವೇ ನಂಬಲಿಲ್ಲ ಎಂದಾಗುತ್ತದೆ. ಎರಡೂ ಚಂದವಲ್ಲ. ಈ ರೂಢಿಯನ್ನು ಅಪ್ಪ ಟವೆಲ್ ಸಮೇತ ಆಸ್ಪತ್ರೆಗೂ ತಂದಿದ್ದ. ಅವನಿಗೆ ಮರಾಠಿ ಬರುತ್ತಿತ್ತು, ಕನ್ನಡ ಬರುತ್ತಿತ್ತು. ಕೇಳುವುದೊಂದು ಬರುತ್ತಿರಲಿಲ್ಲ.

ಡಾಕ್ಟರು ಬಹಳ ಹೊತ್ತು ಹೇಳುತ್ತಿದ್ದರು.

"ತಿಳೀತಲ್ಲ?"

"ಆತ್ರಿ ಸಾಹೇಬ್ರ."

ಹೊರಗೆ ಬಂದ ಮೇಲೆ ಅವ್ವ ಕೇಳುತ್ತಿದ್ದಳು, "ಏನಂದ್ರು?"

"ಛಲೋ ಆಗತೈತಿ ಅಂದ್ರು."

ಅಷ್ಟು ಉದ್ದದ ಮಾತಿಗೆ ಅಪ್ಪನ ಅನುವಾದ ಅಷ್ಟೇ.

ಪಕ್ಕದ ಹಾಸಿಗೆಯಲ್ಲಿ ಶೇಡಬಾಳದ ದ್ರಾಕ್ಷಿ ತೋಟದವರೊಬ್ಬರ ಮಗಳಿದ್ದಳು. ಅವಳಿಗೂ ನನ್ನದೇ ರೋಗ. ಅವಳ ಅಪ್ಪನನ್ನು ನಾನು ದ್ರಾಕ್ಷಿ ಕಾಕಾ ಎನ್ನುತ್ತಿದ್ದೆ. ಕಾಕಾ ಹೇಳಿಸಿಕೊಳ್ಳದೆ ಡಾಕ್ಟರ ಎದುರು ಕುರ್ಚಿ ಎಳೆದು ಕೂಡುತ್ತಿದ್ದ. ಗೊಬ್ಬರದ ಅಂಗಡಿಯಲ್ಲಿ ಕೀಟಕ್ಕೆ ಹೊಡೆಯುವ ಹೊಸ ಎಣ್ಣೆಯ ಡಬ್ಬಿ ಹಿಡಿದು ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದ. "ಹಂಗಂದ್ರ ಏನ್ರಿ? ಯಾಕ್ರಿ? ಅದು ಆಗಲಿಲ್ಲಂದ್ರ ಮುಂದ?" ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡು, ಮೇಲೆ ಡಾಕ್ಟರ ಫೋನ್ ನಂಬರನ್ನೂ ಇಸಿದುಕೊಂಡಿದ್ದ. ಅದೇ ಡಾಕ್ಟರು, ಅದೇ ಮಾತು. ಅವಳ ಪಾಲಿನದು ಕಾರಿನಲ್ಲಿ ಶೇಡಬಾಳಕ್ಕೆ ಹೋಗುತ್ತಿತ್ತು, ನನ್ನ ಪಾಲಿನದು ವರಾಂಡದಲ್ಲೇ ಉಳಿಯುತ್ತಿತ್ತು.

ಎರಡನೇ ಸುತ್ತಿನ ಔಷಧಿ ಮುಗಿಸಿ ಊರಿಗೆ ಬಂದಾಗ ಒಂದು ಮಧ್ಯಾಹ್ನ ಜ್ವರ ಬಂತು. ಅವ್ವ ಅಂಗಡಿಯ ಗುಳಿಗೆ ಕೊಟ್ಟು ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಅಪ್ಪ, "ಸೋಮವಾರ ಬರ್ರಿ ಅಂದಾರ. ಮೊದಲ ಹೋದ್ರ ಸಿಟ್ಟಿಗೇಳ್ತಾರ" ಅಂದ. ಮೂರನೇ ದಿನ ಅವ್ವ ಒಮ್ಮೆಲೇ ಎದ್ದು ನಿಂತಳು. "ಎರಡ ದಿನ ಆತು, ಇಂವ ಯಾರನ್ನೂ ಅಣಕಿಸಿಲ್ಲ. ನಡ್ರಿ ಮೊದಲ!"

ಡಾಕ್ಟರು ಅಪ್ಪನ ಮೇಲೆ ಹರಿಹಾಯ್ದರು. "ಜ್ವರ ಬಂದ್ರ ಗುಳಿಗಿ ಕೊಟ್ಟ ಕಾಯಬ್ಯಾಡ್ರಿ, ಕೂಡ್ಲೆ ಬರ್ರಿ ಅಂತ ಹೇಳಿದ್ದಿಲ್ಲ?"

"ಹೇಳಿದ್ರಿ."

"ಮತ್ತ?"

ಅಪ್ಪ ಟವೆಲ್ ಹಿಂಡಿದ. "ಆತ್ರಿ."

ನಂಜು ಏರಿದವರನ್ನು ಬೇರೆ ಇಡುವ ಗಾಜಿನ ಕೋಣೆಯಲ್ಲಿ ನಾನು ಎಷ್ಟು ದಿನ ಇದ್ದೆನೋ ನನಗೆ ಲೆಕ್ಕವಿಲ್ಲ. ಇನ್ನೊಂದು ಸಲ ಹೀಗೆ ತಡಮಾಡಿದರೆ ಹುಡುಗ ಕೈಗೆ ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಆ ಮಾತು ಮಾತ್ರ ಅಪ್ಪನಿಗೆ ಪೂರ್ತಿ ತಿಳಿದಿತ್ತು.

ವಾರ್ಡಿಗೆ ಮರಳಿದ ಮೇಲೆ ಒಂದು ಸಂಜೆ ಕಾಕಾನ ಮಗಳನ್ನು ನಗಿಸಲು ಕಾಕಾನನ್ನೇ ಮಾಡಿ ತೋರಿಸುತ್ತಿದ್ದೆ. ಇಲ್ಲದ ಮೀಸೆ ತೀಡಿ, "ಹಂಗಂದ್ರ ಏನ್ರಿ? ಯಾಕ್ರಿ?" ಅನ್ನುತ್ತಿದ್ದೆ. ಹುಡುಗಿ ನಗುವುದನ್ನು ನಿಲ್ಲಿಸಿದಾಗ ತಿಳಿಯಿತು, ಕಾಕಾ ಬೆನ್ನ ಹಿಂದೆಯೇ ನಿಂತಿದ್ದ.

"ಲೇ ಮಂಗ್ಯಾ, ನನ್ನ ದನಿ ನನಗಿಂತ ಛಲೋ ಬರತೈತಲ್ಲೋ ನಿನಗ! ನಾಳೆ ಡಾಕ್ಟರ್ ಬಂದಾಗ ಇದ ದನಿಯಾಗ ಕೇಳ್."

"ಏನ್ ಕೇಳ್ಲಿ ಕಾಕಾ?"

"ಜ್ವರ ಎಷ್ಟ್ ಏರಿದ್ರ ಬರಬೇಕು? ಯಾರಿಗೆ ಫೋನ್ ಹಚ್ಚಬೇಕು? ಬಂದ ಮ್ಯಾಲೆ ಯಾವ ಬಾಗಲಾ ಬಡಿಬೇಕು?"

ಮೂಲೆಯಲ್ಲಿ ಕೂತಿದ್ದ ಅಪ್ಪ ಟವೆಲ್ ಕೈಗೆ ತೆಗೆದುಕೊಂಡು ಎದ್ದ. "ಬ್ಯಾಡ್ರಿ ಸಾವ್ಕಾರ್ರ, ಸಾಹೇಬ್ರಿಗೆ ಸಿಟ್ಟ ಬರತೈತಿ."

"ಬಂದ್ರ ನನ್ನ ಮ್ಯಾಲೆ ಬರ್ಲಿ. ದನಿ ನಂದ ಅಲ್ಲೇನು?"

ಮರುದಿನ ಹಾಸಿಗೆಯ ಮೇಲೆ ಕಾಲ ಮೇಲೆ ಕಾಲು ಹಾಕಿ, ಸಲೈನ್ ನಳಿಕೆ ತೂಗುತ್ತಿರುವಾಗಲೇ ಮೂರೂ ಪ್ರಶ್ನೆ ಕೇಳಿದೆ. ಡಾಕ್ಟರು ಮೊದಲು ನಕ್ಕರು. ಆಮೇಲೆ ನನ್ನ ಕಾಲ ಬಳಿ ಕುಳಿತು ಒಂದೊಂದಾಗಿ ಹೇಳಿದರು. ಕಾಕಾ ವಹಿಯ ಹಾಳೆ ಹರಿದು ಅಪ್ಪನ ಕೈಗಿಟ್ಟ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟಿದ್ದ ಅಪ್ಪ ಆ ಕಾಲದ ಅಕ್ಷರಗಳಲ್ಲೇ ಬರೆದುಕೊಂಡ. ಅವ್ವ ಅದನ್ನು ಮನೆಯ ಬಾಗಿಲ ಹಿಂದೆ ಗಂಜಿ ಹಚ್ಚಿ ಅಂಟಿಸಿದಳು.

ಮುಂದಿನ ಜ್ವರ ಬಂದಾಗ ಕಬ್ಬಿನ ಹಂಗಾಮು. ಅಪ್ಪನ ಟ್ರ್ಯಾಕ್ಟರ್ ಕಾರ್ಖಾನೆಯ ಮುಂದೆ ಕಬ್ಬು ಇಳಿಸುವ ಪಾಳಿಯಲ್ಲಿ ನಿಂತಿತ್ತು. ಅವ್ವ ಹಾಳೆ ನೋಡಿ ಆಸ್ಪತ್ರೆಗೊಂದು, ಅಪ್ಪನಿಗೊಂದು ಫೋನ್ ಹಚ್ಚಿಸಿದಳು. ಅಪ್ಪ ಮಾಲಕರನ್ನು ಕೇಳದೆ ಚಾವಿಯನ್ನು ಹಿಂದೆ ನಿಂತಿದ್ದ ಟ್ರ್ಯಾಕ್ಟರಿನ ಡ್ರೈವರ್ ಕೈಗೆ ಎಸೆದು ಬಂದ. ಗುಳಿಗೆ ಇಲ್ಲ, ಒದ್ದೆ ಬಟ್ಟೆ ಇಲ್ಲ. ಸಿಕ್ಕ ಜೀಪು ಹತ್ತಿ, ತಾಸಿನೊಳಗೆ ಸರಿಯಾದ ಬಾಗಿಲು ಬಡಿದೆವು. ನರಕ್ಕೆ ಔಷಧಿ ಏರಿತು.

"ಈ ಸಲ ಹೊತ್ತಿಗೆ ಬಂದ್ರಿ" ಎಂದು ಡಾಕ್ಟರು ಹೊರಟರು. ಅವತ್ತು ಕಾಕಾ ಇರಲಿಲ್ಲ. ನನಗೆ ಯಾರ ದನಿ ತೆಗೆಯಲೂ ತ್ರಾಣವಿರಲಿಲ್ಲ.

"ಸಾಹೇಬ್ರ," ಅಂದ ಅಪ್ಪ. "ನಮ್ಮ ಹುಡುಗ ಉಳೀತಾನೇನ್ರಿ?"

ಡಾಕ್ಟರು ತಿರುಗಿ ಬಂದರು. "ಖಾತ್ರಿ ಅಂತ ಹೇಳಂಗಿಲ್ಲ. ಹಿಂಗ ಹೊತ್ತಿಗೆ ಬರಕೋತ ಇದ್ರ, ಉಳಿಯೋ ಆಸೆ ಭಾಳ ಐತಿ."

"ಭಾಳ ಅಂದ್ರ ಎಷ್ಟ್ರಿ?"

ಅವರು ಕುರ್ಚಿ ಎಳೆದು ಕೂತರು, ಅಪ್ಪನನ್ನೂ ಕೂಡಿಸಿ ಹೇಳತೊಡಗಿದರು. ಅಪ್ಪ ಕೇಳುತ್ತಲೇ ಹೋದ. ಇನ್ನೆಷ್ಟು ಸುತ್ತು? ಶಾಲೆಗೆ ಯಾವಾಗ ಕಳಿಸಬೇಕು? ಶೇಂಗಾ ಚಟ್ನಿ ತಿನ್ನಬಹುದೇ? ಹೊಸ ಕೂದಲು ಗುಂಗುರು ಬರುತ್ತದೋ ನೆಟ್ಟಗೋ? ಡಾಕ್ಟರು ಗಡಿಯಾರ ನೋಡಿದರು. ಅವ್ವ ಹಿಂದಿನಿಂದ ಅಂಗಿ ಜಗ್ಗಿದಳು. ಅಪ್ಪ ಅವಳ ಕೈ ಬಿಡಿಸಿ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.