ಎರಡೂ ಅರ್ಧಕ್ಕೆ ನನ್ನದೇ ಕೈ

ಬಾಗಲಕೋಟೆಯಲ್ಲಿ ವಕೀಲನಾಗಿದ್ದ ನನ್ನ ತಮ್ಮ ಒಮ್ಮೆ ಮುಂಬೈಗೆ ಹೋದವನು ಯಾರದೋ ಬಂಗಲೆ ನೋಡಿ ಮರುಳಾಗಿ ಬಂದ. ಗುಲಾಬಿ ಹೂವಿನ ಕಾಗದದ ಸುರುಳಿಗಳನ್ನು ತರಿಸಿ, ಗೋದಿಹಿಟ್ಟಿನ ಅಂಟು ಕಾಸಿ, ಪಡಸಾಲೆಯ ಗಚ್ಚಿನ ಗೋಡೆಗೆಲ್ಲ ಅಂಟಿಸಿದ. ಗೋಡೆಗೆ ಅಂಗಿ ತೊಡಿಸುವುದು ನಮ್ಮ ಮನೆಯಲ್ಲೇ ನೋಡಿ ಎಂದು ನಾನು ನಕ್ಕಿದ್ದೆ. ಕೆಲವು ಮಳೆಗಾಲ ಕಳೆಯುವುದರೊಳಗೆ ಗುಲಾಬಿಗಳೆಲ್ಲ ಬೂಷ್ಟು ಹಿಡಿದು ಕಪ್ಪಾದವು.

ಅವನ ಮಗಳ ಮದುವೆ ಗೊತ್ತಾಯಿತು. ಇಳಕಲ್ಲಿನ ಬೀಗರು ಬರುವ ಮೊದಲು ಕಾಗದ ಕಿತ್ತು, ನೀಲಿ ಕಲಸಿದ ಸುಣ್ಣ ಹಚ್ಚಬೇಕೆಂದು ತೀರ್ಮಾನವಾಯಿತು. ಸುಣ್ಣದ ಮೊದಲ ಗೆರೆ ಮುತ್ತೈದೆಯರೇ ಎಳೆಯಬೇಕು. ಕಾಗದ ಕೀಳುವ ಹೊಲಸು ಕೆಲಸಕ್ಕೆ ಮಾತ್ರ ವಿಧವೆಯಾದ ನಾನು ನಡೆಯುತ್ತೇನೆ. ಶಾಸ್ತ್ರ ಎಷ್ಟು ಅನುಕೂಲದ್ದು ನೋಡಿ.

ಕಳೆ ಕೀಳುವ ಕುರ್ಚಿಗಿ ಹಿಡಿದು ಕಾಗದವನ್ನೆಲ್ಲ ಕೆರೆದೆ. ಕೆಳಗೆ ಅಂಟಿನ ಪದರು ಹಾಗೇ ಉಳಿದಿತ್ತು. ನೀರಿಗೆ ಒಲೆ ಹೊತ್ತಿಸುವಷ್ಟರಲ್ಲಿ ತಮ್ಮನ ಹೆಂಡತಿ ಓಣಿಯ ಮುತ್ತೈದೆಯರನ್ನು ಕರೆದುಕೊಂಡು ಬಂದಳು.

“ಅಂಟು ತೊಳೀಲಾರದ ಸುಣ್ಣ ನಿಲ್ಲೂದಿಲ್ಲ. ಒಂದು ದಿನ ತಡೀರಿ,” ಎಂದೆ.

“ಮುಹೂರ್ತ ಇವತ್ತೈತ್ರಿ ಅಕ್ಕಾ,” ಎಂದಳು ಅವಳು. ಅರಿಷಿಣ ಕುಂಕುಮ ಏರಿಸಿ, ಹಾಡು ಹೇಳುತ್ತಾ ಎಲ್ಲರೂ ಸೇರಿ ಹಚ್ಚಿಯೇಬಿಟ್ಟರು.

ಮರುದಿನ ಬೆಳಗ್ಗೆ ನೋಡಿದರೆ ಸುಣ್ಣ ಹಪ್ಪಳದಂತೆ ಎದ್ದು ನೆಲಕ್ಕೆ ಬಿದ್ದಿತ್ತು. ತಮ್ಮನ ಹೆಂಡತಿ ಗೋಡೆ ನೋಡಲಿಲ್ಲ, ನನ್ನನ್ನು ನೋಡಿದಳು.

“ಮದುವಿ ಗ್ವಾಡಿಗೆ ನಿಮ್ಮ ಕೈ ಮೊದಲ ತಾಕೇತಿ. ಅದಕ್ಕ ಹಿಂಗಾತು.”

ತಮ್ಮ ತಲೆ ತಗ್ಗಿಸಿಕೊಂಡೇ ಹೇಳಿದ: “ಮದುವಿ ಮುಗಿಯೂ ತನಕ ನೀ ಬೇವೂರಿನ ಹೊಲದ ಮನ್ಯಾಗ ಇದ್ದು ಬಾ, ಅಕ್ಕಾ. ಗಾಡಿ ಹೂಡಸ್ತೇನಿ.”

ಆ ಹುಡುಗಿಯನ್ನು ಎಣ್ಣೆ ಹಚ್ಚಿ ಎರೆದು, ತಲೆ ಬಾಚಿ, ತುತ್ತು ಉಣ್ಣಿಸಿ ಬೆಳೆಸಿದವಳು ನಾನು. ಅವಳ ಅಕ್ಷತೆಯ ಹೊತ್ತಿಗೆ ನಾನು ಬೇವೂರಿನಲ್ಲಿ ಜೋಳದ ಚೀಲ ಕಾಯುತ್ತಾ ಕೂರಬೇಕಂತೆ. ಮೈಯೆಲ್ಲ ಉರಿದುಹೋಯಿತು. ಅಳು ಬಂದಿತ್ತು, ಆದರೆ ಅವರೆದುರು ಅಳುವವಳಲ್ಲ ನಾನು.

“ಗಾಡಿ ಬೇಕಾದ್ರ ಹೂಡಸು,” ಎಂದೆ. “ಸುಣ್ಣ ಒಣಗೂ ತನಕ ನಾ ಏರೂದಿಲ್ಲ.”

ಪಡಸಾಲೆಯ ಎದುರುಗೋಡೆಯ ನಡುವೆ ಇದ್ದಿಲಿನಿಂದ ಒಂದು ಗೆರೆ ಎಳೆದೆ. ಎದ್ದಿದ್ದ ಸುಣ್ಣವನ್ನು ಎರಡೂ ಕಡೆ ಉದುರಿಸಿದೆ. ಎಡಗಡೆಯ ಅರ್ಧಕ್ಕೆ ಮಾತ್ರ ಹಂಡೆಯ ಬಿಸಿನೀರು ಎರಚಿ, ತೆಂಗಿನ ನಾರಿನಿಂದ ಉಜ್ಜಿದೆ. ಇಳಿದ ನೀರು ಗಂಜಿಯಂತಿತ್ತು. ನೀರು ತಿಳಿಯಾಗುವ ತನಕ ತೊಳೆದು, ಬಿರುಕುಗಳಿಗೆ ಗಚ್ಚು ತುಂಬಿ, ಆರಲು ಬಿಟ್ಟೆ. ಬಲಗಡೆಯ ಅರ್ಧವನ್ನು ತೊಳೆಯಲಿಲ್ಲ. ಆಮೇಲೆ ಕತ್ತಾಳೆ ನಾರಿನ ಕುಂಚ ತೆಗೆದುಕೊಂಡು ಇಡೀ ಗೋಡೆಗೆ ನಾನೇ ಸುಣ್ಣ ಹಚ್ಚಿದೆ. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಗೋಳಾಡಿದಳು. ಕುಂಚ ಕಸಿಯುವ ಧೈರ್ಯ ಮಾತ್ರ ಮಾಡಲಿಲ್ಲ.

ಸುಣ್ಣ ಒಣಗಿತು. ಬಲಗಡೆಯದು ಮತ್ತೆ ಹಪ್ಪಳವಾಯಿತು. ಎಡಗಡೆ ನೀಲಿ ಬಣ್ಣ ಗಟ್ಟಿಯಾಗಿ ಕೂತಿತ್ತು.

ತಮ್ಮನನ್ನು ಕರೆದು ಗೋಡೆಯ ಮುಂದೆ ನಿಲ್ಲಿಸಿದೆ. “ಎರಡೂ ಕಡಿ ನಂದ ಕೈ. ಕೈ ಕೆಟ್ಟದ್ದಾದ್ರ ಎರಡೂ ಬೀಳಬೇಕಾಗಿತ್ತು. ನೀ ಕೋರ್ಟಿನ್ಯಾಗ ಮಾತಾಡಾಂವ, ಈಗ ಹೇಳು.”

ಅವನು ಬೆರಳು ಒದ್ದೆ ಮಾಡಿ ಬಲಗಡೆಯ ಗೋಡೆ ಒತ್ತಿ ನೋಡಿದ. ಬೆರಳಿಗೆ ಅಂಟು ಹತ್ತಿತು. ಅಂಗಳಕ್ಕೆ ಹೋಗಿ, ಆ ಬೆಳಗ್ಗೆ ಹೂಡಿಸಿದ್ದ ಗಾಡಿಯ ಎತ್ತು ಬಿಚ್ಚಿಸಿದ. ಬಲಗಡೆಯ ಅರ್ಧವನ್ನೂ ಉಳಿದ ಗೋಡೆಗಳನ್ನೂ ನಾನು ತೊಳೆಯುವಾಗ ಮದುಮಗಳು ನೀರು ಹೊತ್ತು ತಂದಳು. “ಅತ್ತಿ, ನೀ ಮುಂದ ಕೂತರಷ್ಟ ನಾ ಹಸಿಮಣಿ ಏರ್ತೇನಿ,” ಎಂದು ತಾಯಿಗೆ ಕೇಳಿಸುವಂತೆಯೇ ಹೇಳಿದಳು.

ಮದುವೆಯ ದಿನ ನಾನು ವಿಧವೆಯೆಂದು ಹಿತ್ತಲಿಗೆ ಮರೆಯಾಗಲಿಲ್ಲ. ಬೀಗರ ಎದುರಿಗೇ, ಪಡಸಾಲೆಯಲ್ಲಿ, ನಾನು ತೊಳೆದ ಆ ಗೋಡೆಗೆ ಒರಗಿ ಕುಳಿತೆ. ಎರಡು ಕೈ ತುಂಬ ಅಕ್ಷತೆ ಹಾಕಿದೆ. ಎದ್ದಾಗ ವಿಧವೆಯರು ಉಡುವ ನನ್ನ ಕೆಂಪು ಸೀರೆಯ ಬೆನ್ನಿಗೆ ತುಸು ನೀಲಿ ಹತ್ತಿತ್ತು. “ಝಾಡಿಸಿಕೊಳ್ರಿ ಅಕ್ಕಾ, ಮಂದಿ ನೋಡ್ತಾರ,” ಎಂದು ತಮ್ಮನ ಹೆಂಡತಿ ಪಿಸುಗುಟ್ಟಿದಳು.

ನೋಡಲಿ ಎಂದೇ ನಾನು ಊಟದ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ನಡೆದುಕೊಂಡು ಹೋದೆ.