ಯೂಜಿನ್‌ಗೆ ಹೇಳೋಕೆ ಏನಿದೆ?

"ಅಮ್ಮಾ, ಅಟ್ರಾಕ್ಟಾ ಯಾಕೆ ಎಲ್ಲರ ಕೈನೂ ಎರಡೆರಡು ಸಲ ಕುಲುಕ್ತಾರೆ?"

ಕ್ಲೋಡಾ ಇದನ್ನು ಕೇಳಿದ್ದು ಮ್ಯಾಟಿ ಡರ್ಕನ್ನನ ಹೆಣದ ಮುಂದೆ, ಅದೂ ಎಲ್ಲರಿಗೂ ಕೇಳುವ ಹಾಗೆ. ಐದು ವರ್ಷದ ಮಗಳಿಗೆ ಪಿಸುಮಾತು ಕಲಿಸುವುದೂ ಒಂದೇ, ಕರುವಿಗೆ ಗೇಟು ಹಾಕಲು ಕಲಿಸುವುದೂ ಒಂದೇ. ಡರ್ಕನ್ ಮನೆಯ ಮುಂಕೋಣೆಯಲ್ಲಿ ಶವಪೆಟ್ಟಿಗೆ ತೆರೆದಿತ್ತು. ಮ್ಯಾಟಿಯ ಹೆಂಡತಿ, ಮಕ್ಕಳು ಗೋಡೆಗುಂಟ ಕೂತಿದ್ದರು. ಊರವರೆಲ್ಲ ಸಾಲಿನಲ್ಲಿ ಬಂದು, ಒಬ್ಬೊಬ್ಬರ ಕೈ ಕುಲುಕಿ, ಎರಡು ಮಾತಾಡಿ, ಅಡುಗೆಮನೆಯ ಚಹಾದ ಕಡೆಗೆ ಸರಿಯುತ್ತಿದ್ದೆವು. ನಮ್ಮ ಮುಂದಿದ್ದ ಅಟ್ರಾಕ್ಟಾ ಗಿಲ್ರಾಯ್ ಮಾತ್ರ ಒಮ್ಮೆ ಕೈ ಕುಲುಕಿ, ಬಿಟ್ಟು, ಮತ್ತೆ ಹಿಡಿದುಕೊಳ್ಳುತ್ತಿದ್ದರು.

ಅವರು ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಯಿತು.

"ಒಂದು ನಂದು, ಒಂದು ನನ್ನ ತಮ್ಮ ಯೂಜಿನ್‌ದು, ಪುಟ್ಟೀ."

"ಅವರೇ ಯಾಕೆ ಬಂದಿಲ್ಲ?"

"ಬಾಸ್ಟನ್‌ನಲ್ಲಿದಾನೆ. ಅಲ್ಲಿಂದ ಇಲ್ಲೀತನಕ ಕೈ ನಿಲುಕಲ್ಲ ನೋಡು."

ಕ್ಲೋಡಾ ಅಷ್ಟಕ್ಕೇ ಬಿಡಲಿಲ್ಲ. "ಹಾಗಾದ್ರೆ ಸ್ಯಾಂಡ್‌ವಿಚ್ಚೂ ಎರಡು ತಿಂತೀರಾ?"

"ಮತ್ತೆ? ಅವನದು ಹ್ಯಾಮ್, ನಂದು ಮೊಟ್ಟೆ."

ಮ್ಯಾಟಿಯ ಹೆಂಡತಿ ಕರವಸ್ತ್ರದೊಳಗೇ ನಕ್ಕುಬಿಟ್ಟಳು.

ಮದುವೆಯಾಗಿ ಈ ಊರಿಗೆ, ಕ್ಲೂನಾರಾಕ್ಕೆ, ಬಂದಾಗಿನಿಂದ ಆ ಎರಡನೇ ಕೈಕುಲುಕು ನನ್ನ ಕಣ್ಣಿಗೂ ಬೀಳುತ್ತಿತ್ತು. ಕೇಳಲು ಸಂಕೋಚ. ಮಗಳು ಕೇಳಿಯಾದ ಮೇಲೆ ನನಗೇಕೆ ಸಂಕೋಚ ಎಂದು, ಮರುದಿನ ಮೊಟ್ಟೆ ತರುವ ನೆಪದಲ್ಲಿ ಅವರ ಮನೆಗೆ ಹೋದೆ. ಅಟ್ರಾಕ್ಟಾ ಒಂಟಿ ಹೆಂಗಸು, ಅರವತ್ತೈದು ದಾಟಿದೆ. ಕೆಲವು ಹಸು, ಅವುಗಳ ಕರು, ಮೊಟ್ಟೆಗಿಂತ ಜಾಸ್ತಿ ಗಲಾಟೆ ಮಾಡುವ ಕೋಳಿಗಳು. ಮನೆಯೊಳಗೂ ರಬ್ಬರ್ ಬೂಟು ಬಿಚ್ಚದೆ ಓಡಾಡುತ್ತಾರೆ. ಬಿಚ್ಚಿದರೆ ಹಸುಗಳಿಗೆ ತಿಳಿದುಬಿಡುತ್ತದಂತೆ, ಆಗಲೇ ಕರೆಯಲು ಶುರುಮಾಡುತ್ತವಂತೆ.

ಯೂಜಿನ್ ಹೋದದ್ದು ಇಪ್ಪತ್ತರ ಹರೆಯದಲ್ಲಿ, ಪ್ರವಾಸಿ ವೀಸಾದ ಮೇಲೆ, ಬೇಸಿಗೆ ಕಳೆದು ಬರುತ್ತೇನೆಂದು. ಅಲ್ಲಿ ಗೋಡೆಗೆ ಗಾರೆ ಬಳಿಯುವ ಕೆಲಸ ಸಿಕ್ಕಿತು. ಬೇಸಿಗೆ ಮುಗಿಯಿತು, ವೀಸಾ ಮುಗಿಯಿತು, ಗಾರೆ ಮುಗಿಯಲಿಲ್ಲ. ಕಾಗದಪತ್ರ ಸರಿಯಿಲ್ಲದವನು ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಬಿಡುವುದಿಲ್ಲ. ಹಾಗಾಗಿ ಅವನು ತಾಯಿಯ ಸಾವಿಗೂ ಬರಲಿಲ್ಲ. ಇಗರ್ಜಿಯ ಮುಂದಿನ ಬೆಂಚಿನಲ್ಲಿ ಅಟ್ರಾಕ್ಟಾ ಒಬ್ಬರೇ ಕೂತಿದ್ದರು.

"ಪಕ್ಕದಲ್ಲಿ ಅವನ ಜಾಗ ಹಾಗೇ ಖಾಲಿ. ಜನ ಬರ್ತಿದ್ರು, ನನ್ನ ಕೈ ಹಿಡೀತಿದ್ರು, ಆ ಖಾಲಿ ಜಾಗ ನೋಡಿ ಏನು ಮಾಡ್ಬೇಕೋ ತಿಳೀದೆ ಹೋಗ್ತಿದ್ರು. ಈ ಮ್ಯಾಟಿ ಬಂದ. ಕೈ ಕುಲುಕಿದ. ಬಿಟ್ಟ. ಮತ್ತೆ ಹಿಡ್ಕೊಂಡು, 'ಇದು ಯೂಜಿನ್‌ಗೆ, ತಲುಪಿಸಿಬಿಡು' ಅಂದ. ಹಿಂದೆ ಇದ್ದವರೆಲ್ಲ ಹಾಗೇ ಮಾಡಿದ್ರು. ನನ್ನ ಕೈ ಊದಿಹೋಗಿತ್ತು ಮಗಳೇ! ಅಷ್ಟು ಕೈ ಇಸ್ಕೊಂಡ ಮೇಲೆ ಅವನ ಪರವಾಗಿ ವಾಪಸ್ ಕೊಡ್ಬೇಡ್ವಾ?"

ಕೊಡುತ್ತಲೇ ಬಂದರು. ಬರೀ ಕೈಯಲ್ಲ; ಪ್ರತಿ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು, ಆಲೂಗಡ್ಡೆ ಬೇಯಲು ಇಟ್ಟು, ನಡುಮನೆಯ ಫೋನಿನ ಪಕ್ಕ ಸ್ಟೂಲು ಎಳೆದುಕೊಂಡು ಇಡೀ ಊರನ್ನೇ ಬಾಸ್ಟನ್‌ಗೆ ರವಾನಿಸುತ್ತಿದ್ದರು. ಮೊದಲು ಮಳೆ, ಆಮೇಲೆ ಹುಲ್ಲು, ಆಮೇಲೆ ದನ, ಆಮೇಲೆ ಸತ್ತವರು. ಬದುಕಿದವರು ಕೊನೆಗೆ. ಯೂಜಿನ್‌ಗೆ ಅದು ಬೆಳಗಿನ ಕಾಫಿಯ ಹೊತ್ತು. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ವಾರದಲ್ಲಿ ಮನೆಯವರ ಮಾತು ಅಂತ ಕೇಳುವುದು ಇದೊಂದೇ. ಮುಖ ಕಾಣುವ ಫೋನು ತಂದುಕೊಡಲೇ ಎಂದು ನನ್ನ ಗಂಡ ಡೆಕ್ಲನ್ ಕೇಳಿದ್ದಕ್ಕೆ, "ಬೇಡಪ್ಪಾ, ಅವನ ಮುಖ ನೋಡ್ತಾ ಕೂತ್ರೆ ಸುದ್ದಿ ಮರೆತುಹೋಗತ್ತೆ" ಅಂದಿದ್ದರು.

ಈಗ ಮುಖದ ಮಾತಲ್ಲ, ಸುದ್ದಿಗೇ ಸಂಚಕಾರ ಬಂದಿತ್ತು.

"ಮ್ಯಾಟಿ ಹೋದ ಅಂತ ತಿಳಿದ ತಕ್ಷಣ ಫೋನ್ ಮಾಡ್ದೆ. ಭಾನುವಾರ ಅಲ್ಲದ ದಿನ. 'ಯೂಜಿನ್, ಕೂತ್ಕೋ' ಅಂದೆ. 'ಮ್ಯಾಟಿ ವಿಷಯ ತಾನೇ? ಆಗಲೇ ಕೇಳ್ದೆ' ಅಂದ!"

ನಮ್ಮ ಸ್ಥಳೀಯ ರೇಡಿಯೊದಲ್ಲಿ ಬೆಳಿಗ್ಗೆ, ಸಂಜೆ ಸತ್ತವರ ಹೆಸರು ಓದುತ್ತಾರಲ್ಲ, ಅದನ್ನು ಯೂಜಿನ್ ಈಚೆಗೆ ತನ್ನ ಮೊಬೈಲಿನಲ್ಲೇ ಕೇಳುತ್ತಿದ್ದಾನಂತೆ. ಅಟ್ಟಣಿಗೆಯ ಮೇಲೆ ನಿಂತು ಗಾರೆ ಬಳಿಯುತ್ತಾ, ಕಿವಿಯಲ್ಲಿ ನಮ್ಮ ಸ್ಲೈಗೋ ಜಿಲ್ಲೆಯ ಸಾವುಗಳು!

"ನಮ್ಮನೆ ಮೇಲೆ ಮಳೆ ಬರ್ತಿದ್ಯಾ ಅನ್ನೋದೂ ಅವನ ಫೋನೇ ಹೇಳತ್ತಂತೆ. ಸಂತೇಲಿ ಕರು ಎಷ್ಟಕ್ಕೆ ಹೋಯ್ತು ಅನ್ನೋದೂ. ಹೋದ ಭಾನುವಾರ ಎಲ್ಲದಕ್ಕೂ 'ಗೊತ್ತು, ಗೊತ್ತು' ಅಂದ. ಫೋನಿಟ್ಟು ಬಂದು ನೋಡ್ತೀನಿ, ಆಲೂಗಡ್ಡೆ ಇನ್ನೂ ಕುದಿಯೋಕೇ ಶುರುವಾಗಿಲ್ಲ." ಅವರು ಸೋಡಾ ಬ್ರೆಡ್ಡನ್ನು ಬೇಕಾದದ್ದಕ್ಕಿಂತ ದಪ್ಪಗೆ ಕತ್ತರಿಸಿದರು. "ಹೇಳೋಕೇನೂ ಇಲ್ಲ ಅಂದ್ರೆ ಅವನು ಯಾಕೆ ಕಾಯ್ತಾನೆ ಹೇಳು? ಇವತ್ತು ಬೇಗ ಇಡ್ತಾನೆ. ಆಮೇಲೆ ಒಂದು ವಾರ ಬಿಟ್ಟು ಮಾಡ್ತಾನೆ. ಆಮೇಲೆ ಕ್ರಿಸ್ಮಸ್‌ಗೆ."

ನನಗೆ ತೋಚಿದ್ದನ್ನು ಹೇಳಿದೆ: "ಯಾರು ಸತ್ರು ಅಂತ ರೇಡಿಯೊ ಹೇಳತ್ತೆ. ಯಾರು ಅತ್ರು ಅಂತ ಹೇಳತ್ತಾ?"

ಚಾಕು ಗಾಳಿಯಲ್ಲೇ ನಿಂತಿತು.

ಆ ಭಾನುವಾರ ನಾನೂ ಕ್ಲೋಡಾಳೂ ಅಲ್ಲೇ ಇದ್ದೆವು. ಮಳೆ ಇಲ್ಲ, ಹುಲ್ಲಿಲ್ಲ, ಅಟ್ರಾಕ್ಟಾ ನೇರವಾಗಿ ಸಾವಿನ ಮನೆಯ ಸುದ್ದಿಗೇ ಇಳಿದರು. ಚರಂಡಿಯ ಜಗಳದಲ್ಲಿ ಮ್ಯಾಟಿಯ ಜೊತೆ ಮಾತು ಬಿಟ್ಟಿದ್ದ ಅವನ ಷಡ್ಡಕ ಎಲ್ಲರಿಗಿಂತ ಮೊದಲೇ ಬಂದು ಕೂತದ್ದು. ಪೆಟ್ಟಿಗೆ ಹೊರುವಾಗ ಗಿಡ್ಡ ಭಾವಮೈದುನನ ಹೆಗಲು ನಿಲುಕದೆ ಬರೀ ಗಾಳಿಯನ್ನೇ ಹೊತ್ತುಕೊಂಡು ಹೋದದ್ದು. ಪಾದ್ರಿ ಮ್ಯಾಟಿಯನ್ನು "ಶಾಂತ ಸ್ವಭಾವದವರು" ಅಂದಾಗ ಹಿಂದಿನ ಬೆಂಚಿನಲ್ಲಿ ಎದ್ದ ಕೆಮ್ಮು. ಫೋನಿನ ಆ ಕಡೆಯಿಂದ ಗಂಡುನಗೆ ನಮ್ಮವರೆಗೂ ಕೇಳಿಸಿತು. ಆಲೂಗಡ್ಡೆ ಸೀದು ಹೋಯಿತು. ಅಟ್ರಾಕ್ಟಾ ಸೀದದ್ದನ್ನೇ ಬೆಣ್ಣೆ ಹಚ್ಚಿ ಖುಷಿಯಿಂದ ತಿಂದರು, ನಮಗೂ ತಿನ್ನಿಸಿದರು.

ಆದರೆ ಕ್ಲೂನಾರಾದಲ್ಲಿರುವುದೇ ಬೆರಳೆಣಿಕೆಯ ಮನೆ. ವಾರವಾರವೂ ಜನ ಸಾಯುವುದಿಲ್ಲ, ಜಗಳವನ್ನೂ ಬಿಡುವಿದ್ದಾಗ ಮಾತ್ರ ಆಡುತ್ತಾರೆ. ಅಟ್ರಾಕ್ಟಾ ಸುದ್ದಿ ಹುಡುಕಿಕೊಂಡು ಓಡಾಡತೊಡಗಿದರು. ಹುಲ್ಲು ಕೊಯ್ಯುವ ಯಂತ್ರದವನು ಅವರನ್ನು ಕಂಡರೆ ಟ್ರ್ಯಾಕ್ಟರ್ ಹಿಂದಕ್ಕೆ ತಿರುಗಿಸುತ್ತಿದ್ದ. "ಬಾಯಿ ಮುಚ್ಕೊಳ್ಳಿ, ಬಾಸ್ಟನ್ ಬಂತು" ಎಂದು ಡೆಕ್ಲನ್ ಕಿಟಕಿಯಿಂದ ಕೂಗುತ್ತಿದ್ದ. ನನ್ನ ಅತ್ತೆ ಬರ್ನಿ, "ಅವಳ ಹತ್ರ ಒಂದು ಮಾತೂ ಆಡ್ಬೇಡ ಕಣೇ, ನಾಳೆ ಅಮೆರಿಕದ ತುಂಬಾ ನಮ್ಮನೆ ವಿಷಯವೇ" ಎಂದು ನನ್ನನ್ನು ಎಚ್ಚರಿಸಿ, ತಾನೇ ಬೇಲಿಯ ಬಳಿ ನಿಂತು ಅರ್ಧ ಗಂಟೆ ಮಾತಾಡಿ ಬರುತ್ತಿದ್ದಳು. ಅಷ್ಟಾದರೂ ಸಿಕ್ಕಿದ್ದೆಲ್ಲ ಬಡಕಲು ಸುದ್ದಿ: ಯಾರದೋ ಹೊಸ ಗೇಟು, ಯಾರದೋ ಹಲ್ಲುನೋವು. ಎರಡು ಭಾನುವಾರ ಮತ್ತೆ "ಹೂಂ, ಹೂಂ" ಎನ್ನುವುದರಲ್ಲೇ ಕಳೆಯಿತಂತೆ.

ನಿನ್ನೆ, ಶನಿವಾರ, ಅಟ್ರಾಕ್ಟಾ ಮೊಟ್ಟೆಯ ಬುಟ್ಟಿ ಹಿಡಿದು ಬಂದರು. ಮುಖ ಸಪ್ಪಗಿತ್ತು. ನಾನು ಅವರಿಗೆ ಚಹಾ ಬಗ್ಗಿಸಿ, ನನಗೆ ಬರೀ ನೀರು ತೆಗೆದುಕೊಂಡೆ. ಒಲೆಯ ಮೇಲೆ ಡೆಕ್ಲನ್‌ಗೆಂದು ಹುರಿಯುತ್ತಿದ್ದ ಹಂದಿಮಾಂಸದ ವಾಸನೆಗೆ ಕಿಟಕಿ ತೆರೆದೆ. ಬುಟ್ಟಿಯನ್ನೂ ಮೇಜಿನ ಆ ತುದಿಗೆ ತಳ್ಳಿದೆ.

ಅವರು ಚಹಾ ಕುಡಿಯುವುದನ್ನು ನಿಲ್ಲಿಸಿದರು. ಹಸು ಗಬ್ಬವಾಗಿದೆಯೋ ಇಲ್ಲವೋ ಎಂದು ಬೇಲಿಯಾಚೆಯಿಂದಲೇ ಹೇಳುವವರು ಅವರು.

"ಯಾವಾಗ?"

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಜನವರಿಗೆ," ಅಂದೆ. "ಡೆಕ್ಲನ್‌ಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಾಳೆ ಊಟಕ್ಕೆ ಅತ್ತೆ ಬಂದಾಗ ಹೇಳೋಣ ಅಂತಿದ್ವಿ."

"ಬರ್ನಿಗೂ ಗೊತ್ತಿಲ್ವಾ?"

"ಇಲ್ಲ."

"ಕ್ಲೋಡಾಗೆ?"

"ಅವಳಿಗೆ ಹೇಳಿದ್ರೆ ಇಗರ್ಜಿ ಗಂಟೆ ಹೊಡೆದ ಹಾಗೆ."

ಅಟ್ರಾಕ್ಟಾ ಎದ್ದು ಬಂದು ನನ್ನ ಕೆನ್ನೆ ಸವರಿದರು, ಕುರ್ಚಿ ಎಳೆದು ಕೂರಿಸಿದರು, ಒಲೆಯ ಮೇಲಿನ ಬಾಣಲೆಯನ್ನು ಹೊರಗೆ ಇಟ್ಟು ಬಂದರು. ಬ್ರೆಡ್ಡಿನ ಒಣ ಅಂಚು ಮುರಿದು ಕೈಗಿತ್ತು, ನಿಧಾನವಾಗಿ ಅಗಿಯಬೇಕೆಂದು ಹೇಳಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಂಗೊಂದು ಉಪಕಾರ ಮಾಡ್ತೀಯಾ ಮಗಳೇ? ನಾಳೆ ಬರ್ನಿಗೆ ಊಟಕ್ಕೆ ಮುಂಚೆ ಹೇಳ್ಬೇಡ, ಪುಡಿಂಗ್ ಬಡಿಸೋವಾಗ ಹೇಳು. ಅಷ್ಟರೊಳಗೆ ನಾನು ಯೂಜಿನ್‌ಗೆ ಹೇಳಿರ್ತೀನಿ."